ಕಿವಿ ಕೆರೆದುಕೊಂಡ ಕೋಚು

ನಾವು ಆ ಸಾಫ್ಟ್‌ಬಾಲ್ ಪಂದ್ಯ ಸೋತದ್ದು ಒಂದು ಕೆಂಜಿರುವೆಯಿಂದ. ಎದುರಿನ ತಂಡ ಚೆನ್ನಾಗಿ ಆಡಿತು, ನಮ್ಮ ಅದೃಷ್ಟ ಕೈಕೊಟ್ಟಿತು ಅಂತೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಹೆಡ್ ಮಾಸ್ಟರಿಗೂ ಅದನ್ನೇ ಹೇಳಿದೆ. ನಿಜ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ನಮ್ಮ ಕ್ಯಾಚರ್ ಹುಡುಗಿಗೆ. ಅವಳು ಈಗ ಪಿಯುಸಿಯನ್ನೂ ಮುಗಿಸಿ ಹೋಗಿದ್ದಾಳೆ. ಇನ್ನು ಬರೆಯಬಹುದು.

ಮಂಡ್ಯ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಇದು ಕಾಗದದ ಮೇಲಿನ ಹೆಸರು. ಊರವರಿಗೆ ಪೀಟಿ ಮೇಷ್ಟ್ರು, ಮಕ್ಕಳ ಬಾಯಲ್ಲಿ ಬರೀ 'ಸಾ'. ಸಾಫ್ಟ್‌ಬಾಲ್ ಹಿಡಿದದ್ದು ಪ್ರೀತಿಯಿಂದಲ್ಲ, ಲೆಕ್ಕಾಚಾರದಿಂದ. ಕಬಡ್ಡಿ, ಖೋಖೋ, ವಾಲಿಬಾಲ್ ಅಂದರೆ ಹೋಬಳಿ ಮಟ್ಟದಲ್ಲೇ ಹತ್ತಾರು ತಂಡಗಳ ಜೊತೆ ಗುದ್ದಾಡಬೇಕು. ಸಾಫ್ಟ್‌ಬಾಲ್ ಆಡುವ ಶಾಲೆಗಳು ಬೆರಳೆಣಿಕೆ. ಒಂಬತ್ತು ಹುಡುಗಿಯರನ್ನು ಸೇರಿಸಿ ಕೈಗೆ ಗ್ಲೌಸ್ ತೊಡಿಸಿದರೆ ಮೈಸೂರಿನವರೆಗಾದರೂ ಹೋಗಬಹುದು, ಒಂದು ಸರ್ಟಿಫಿಕೇಟ್ ಸಿಕ್ಕರೆ ಮುಂದೆ ಕ್ರೀಡಾ ಕೋಟಾದಲ್ಲಿ ಎಲ್ಲಾದರೂ ಉಪಯೋಗಕ್ಕೆ ಬಂದೀತು. ಇಷ್ಟೇ ಇದ್ದದ್ದು ತಲೆಯಲ್ಲಿ. ಆಟದ ಹುಚ್ಚು ಹಿಡಿದದ್ದು ಆಮೇಲೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬೇಸ್‌ಬಾಲಿನ ತಂಗಿ. 1887ರಲ್ಲಿ ಅಮೆರಿಕದ ಶಿಕಾಗೊದಲ್ಲಿ, ಚಳಿಗಾಲದ ಹೊಸ್ತಿಲಲ್ಲಿ ಒಳಗೆ ಕೂತು ಬೇಜಾರಾದ ಒಂದಷ್ಟು ಜನ ಹಳೇ ಬಾಕ್ಸಿಂಗ್ ಗ್ಲೌಸನ್ನು ಉಂಡೆ ಕಟ್ಟಿ ಪೊರಕೆಯ ಹಿಡಿಯಿಂದ ಹೊಡೆದು ಶುರುಮಾಡಿದ್ದು. ಹೆಸರಿಗೆ ಸಾಫ್ಟ್. ಎಷ್ಟು ಸಾಫ್ಟ್ ಅನ್ನುವುದು ಮೊಣಕಾಲ ಚಿಪ್ಪಿಗೆ ಬಡಿದಾಗ ತಿಳಿಯುತ್ತದೆ. ಹಳದಿ ಚೆಂಡು, ಸುತ್ತಳತೆ 12 ಇಂಚು, ತೂಕ 180 ಗ್ರಾಂ ಆಸುಪಾಸು. ಚೆಂಡು ಎಸೆಯುವವಳು ಪಿಚರ್. ಅವಳು ತನ್ನ ಕೈಯನ್ನು ರಾಟೆಯ ಹಾಗೆ ಒಂದು ಸುತ್ತು ಸುತ್ತಿ ಸೊಂಟದ ಪಕ್ಕದಿಂದ, ಕೆಳಗೈಯಿಂದಲೇ ಎಸೆಯಬೇಕು. ಅವಳಿಂದ ಹೋಮ್ ಪ್ಲೇಟಿಗೆ, ಅಂದರೆ ಬ್ಯಾಟು ಹಿಡಿದವಳು ನಿಲ್ಲುವ ಕಡೆಗೆ, ದೊಡ್ಡ ಹುಡುಗಿಯರ ಆಟದಲ್ಲಿ 43 ಅಡಿ. ಗಂಟೆಗೆ 80 ಕಿಲೋಮೀಟರ್ ವೇಗದ ಚೆಂಡಾದರೆ ಅಷ್ಟು ದೂರಕ್ಕೆ ಸುಮಾರು 0.6 ಸೆಕೆಂಡ್ ಸಾಕು. ಬ್ಯಾಟು ಹಿಡಿದವಳು ನೋಡಬೇಕು, ತೀರ್ಮಾನಿಸಬೇಕು, ಬೀಸಬೇಕು, ಎಲ್ಲ ಅಷ್ಟರೊಳಗೇ. ಅದಕ್ಕೇ ಅವಳನ್ನು ಏಮಾರಿಸುವುದೇ ಪಿಚಿಂಗ್. ಈ ಸಲ ವೇಗದ್ದೋ, ಕೊನೆಗಳಿಗೆಯಲ್ಲಿ ಕೆಳಗೆ ಬೀಳುವ ಡ್ರಾಪೋ, ಕೈ ಅಷ್ಟೇ ಜೋರಾಗಿ ಸುತ್ತಿದರೂ ಚೆಂಡು ನಿಧಾನಕ್ಕೆ ಬರುವ ಚೇಂಜಪ್ಪೋ? ಬ್ಯಾಟರಿನ ಮೈಗೆ ಹತ್ತಿರವೋ ದೂರವೋ?

ಇದನ್ನು ಹೇಳುವವರು ಯಾರು? ಎಸೆಯುವ ಪಿಚರೇ? ಬ್ಯಾಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರೇ? ಬೆಂಚಿನ ಮೇಲೆ ಕೂತ ಕೋಚೇ?

ನಮ್ಮಲ್ಲಿ ನಾನೇ. ಅದರಲ್ಲಿ ಯೋಚನೆ ಮಾಡಲು ಏನಿದೆ ಅಂತಲೂ ಆಗ ಅನ್ನಿಸಿರಲಿಲ್ಲ. ಮಕ್ಕಳಿಗೆ ಏನು ಗೊತ್ತು, ಹೇಳೋದು ಮೇಷ್ಟ್ರ ಕೆಲಸ, ಕೇಳೋದು ಅವರ ಕೆಲಸ. ಮೂವತ್ತು ವರ್ಷದ ಹಿಂದೆ ನಮ್ಮ ಮೇಷ್ಟ್ರು ಸೀಟಿ ಊದಿದರೆ ನಾವು ಯಾಕೆ ಅಂತ ಕೇಳಿರಲಿಲ್ಲ. ನಾನು ಮಾಡಿಕೊಂಡಿದ್ದ ವ್ಯವಸ್ಥೆ ಹೀಗಿತ್ತು. ಟೋಪಿ ಮುಟ್ಟಿದರೆ 'ಈಗ ನೋಡು'. ಟೋಪಿ ಆದಮೇಲೆ ಮೊದಲು ಯಾವುದನ್ನು ಮುಟ್ಟುತ್ತೇನೋ ಅದೇ ಲೆಕ್ಕ. ಮೂಗು ಅಂದರೆ ವೇಗ, ಮೊಣಕೈ ಅಂದರೆ ಡ್ರಾಪ್, ಕಿವಿ ಅಂದರೆ ನಿಧಾನದ್ದು. ಎದೆ ಸವರಿಕೊಂಡರೆ ಮುಗೀತು. ಕ್ಯಾಚರ್ ಅದನ್ನು ನೋಡಿ, ತೊಡೆಗಳ ನಡುವೆ ಬೆರಳು ಚಾಚಿ ಪಿಚರಿಗೆ ತೋರಿಸುತ್ತಾಳೆ. ಬೆರಳು ದೂರಕ್ಕೆ ಸರಿಯಾಗಿ ಕಾಣುವುದಿಲ್ಲ ಅಂತ ಅವಳು ಉಗುರಿಗೆಲ್ಲ ವೈಟ್ನರ್ ಬಳಿದುಕೊಳ್ಳುತ್ತಿದ್ದಳು. ಗಣಿತದ ಮೇಡಂ ಅದನ್ನು ನೋಡಿ ಫ್ಯಾಷನ್ ಅಂದುಕೊಂಡು ಬೈದಿದ್ದೂ ಉಂಟು.

ಒಂದು ಪಂದ್ಯಕ್ಕೆ ನೂರಕ್ಕೂ ಮೇಲೆ ಚೆಂಡು. ನೂರಕ್ಕೂ ಮೇಲೆ ಸಲ ನಾನು ಟೋಪಿ, ಮೂಗು, ಮೊಣಕೈ. ಹೊರಗಿನಿಂದ ನೋಡಿದವರಿಗೆ ಇಸುಬು ಹತ್ತಿದ ಮನುಷ್ಯನ ಹಾಗೆ ಕಾಣುತ್ತಿದ್ದೆನೇನೋ. ನನಗೆ ಮಾತ್ರ ಅದೊಂದು ಭಾರೀ ಸುಖ. ಇಡೀ ಆಟ ನನ್ನ ಬೆರಳ ತುದಿಯಲ್ಲಿ ಕುಣಿಯುತ್ತಿದೆ ಅನ್ನುವ ಸುಖ.

ಪಂದ್ಯ ಇದ್ದದ್ದು ಮೈಸೂರಿನಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಹೋದೆವು. ಕ್ಯಾಚರ್ ಆಗ ಎಂಟನೇ ಕ್ಲಾಸು, ಪಿಚರ್ ಒಂಬತ್ತು. ಏಳನೇ ಇನಿಂಗ್ಸ್, ಅಂದರೆ ಕೊನೆಯದು. ನಮ್ಮದು ಆರು, ಅವರದು ಐದು, ಬ್ಯಾಟಿಂಗ್ ಅವರದು. ಇಬ್ಬರು ಔಟಾಗಿದ್ದಾರೆ, ಮೂರನೆಯವಳೂ ಔಟಾದರೆ ಪಂದ್ಯ ನಮ್ಮದು. ಎರಡನೇ ಮತ್ತು ಮೂರನೇ ಬೇಸಿನಲ್ಲಿ ಒಬ್ಬೊಬ್ಬಳು ನಿಂತಿದ್ದಾಳೆ. ಮೂರು ಬೇಸು ದಾಟಿ ಹೋಮ್ ಪ್ಲೇಟಿಗೆ ವಾಪಸ್ ಬಂದರೆ ಒಂದು ರನ್. ಬ್ಯಾಟಿಗೆ ಬಂದವಳು ಅವರ ಎಂಟನೇ ನಂಬರಿನ ಸಣಕಲು ಹುಡುಗಿ. ನಮ್ಮ ಪಿಚರಿನ ವೇಗಕ್ಕೆ ಅವಳ ಬ್ಯಾಟು ತಲುಪುತ್ತಲೇ ಇರಲಿಲ್ಲ. ಎರಡು ಸಲ ಬೀಸಿದಳು. ಎರಡೂ ಸಲ ತಡವಾಗಿ ತಾಗಿ ಚೆಂಡು ಮೊದಲನೇ ಬೇಸಿನ ಆಚೆಗೆ, ಗೆರೆಯ ಹೊರಗೆ ಹೋಯಿತು. ಎರಡು ಸ್ಟ್ರೈಕ್. ಇನ್ನೊಂದು ವೇಗದ ಚೆಂಡು ಬಿದ್ದರೆ ಮನೆಗೆ.

ನಮ್ಮ ತಂಡಕ್ಕೆ ಕೊಟ್ಟಿದ್ದ ಜಾಗ ಒಂದು ಮಾವಿನ ಮರದ ಕೆಳಗೆ. ಬಿಸಿಲು ಕಣ್ಣಿಗೆ ಹೊಡೆಯಿತು ಅಂತ ಟೋಪಿ ಸರಿಮಾಡಿಕೊಂಡೆ. ಅದೇ ಹೊತ್ತಿಗೆ ಕೊಂಬೆಯಿಂದ ಉದುರಿದ ಕೆಂಜಿರುವೆ ಕಿವಿಯ ಹಿಂದೆ ಕಚ್ಚಿತು. ಕೈ ತಾನಾಗೇ ಕಿವಿಗೆ ಹೋಯಿತು. ಇರುವೆ ಅಂಗಿಯೊಳಗೆ ಬಿತ್ತೇನೋ ಅಂತ ಎದೆ ಒರೆಸಿಕೊಂಡೆ.

ಟೋಪಿ, ಕಿವಿ, ಎದೆ.

ನಿಧಾನದ ಚೆಂಡು ಬಂತು. ವೇಗಕ್ಕೆ ತಲುಪಲಾರದೆ ಒದ್ದಾಡುತ್ತಿದ್ದ ಆ ಬ್ಯಾಟಿಗೆ ಅದು ಹಬ್ಬದೂಟ. ಚೆಂಡು ನಮ್ಮ ಮೂರನೇ ಬೇಸಿನವಳ ತಲೆ ಮೇಲೆ ಹಾರಿ ಹುಲ್ಲಿಗೆ ಬಿತ್ತು. ಇಬ್ಬರೂ ಓಡಿ ಬಂದರು. ಏಳು–ಆರು.

ಆಮೇಲೆ ನಾನು ಮಾಡಿದ್ದು ಬರೆಯಲು ನಾಚಿಕೆಯಾಗುತ್ತದೆ. ಎಲ್ಲರೆದುರು ಕ್ಯಾಚರನ್ನು ಕರೆದು, "ತಲೇಲಿ ಏನಿಟ್ಕಂಡಿದ್ದೀಯಮ್ಮ? ಅವ್ಳಿಗೆ ಸ್ಲೋ ಹಾಕ್ಸೋದಾ?" ಅಂತ ಕೂಗಾಡಿದೆ. ಅವಳು ಹೆಲ್ಮೆಟ್ ತೆಗೆಯದೆ ನನ್ನನ್ನೇ ನೋಡಿದಳು. ಕಂಬಿಯ ಹಿಂದೆ ಎರಡು ಕಣ್ಣು. ಮಾತಿಲ್ಲ.

ಸಂಜೆ ರೈಲು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ದಾಟುವಾಗ ಬಾಗಿಲ ಪಕ್ಕ ನಿಂತಿದ್ದೆ. ಬಂದಳು.

"ಸಾ, ಬಯ್ಬೇಡಿ, ಒಂದ್ ಮಾತು ಏಳ್ತೀನಿ. ನೀವೇ ಕಿವಿ ಮುಟ್ಕಂಡ್ರಿ."

ನನಗೆ ಆಗ ನೆನಪಾದದ್ದು. ಕಿವಿಯ ಹಿಂದೆ ಇನ್ನೂ ಉರಿಯುತ್ತಿತ್ತು. "ಇರುವೆ ಕಚ್ತು ಕಣಮ್ಮ" ಅಂದೆ.

"ಕೆರ್ಕಂಡ್ರೇನೋ ಅಂತ ನಂಗೂ ಅನ್ನುಸ್ತು ಸಾ. ಅವ್ಳು ಲೇಟಾಗಿ ಬೀಸ್ತಾವ್ಳೆ, ಸಾ ಯಾಕೆ ಸ್ಲೋ ಏಳ್ತಾರೆ ಅಂತ."

"ಗೊತ್ತಿದ್ದೂ ಹಾಕ್ಸಿದ್ಯಾ?"

"ಆಕುಸ್ದೆ ಇದ್ದಿದ್ರೆ ಬಯ್ತಿದ್ರಲ್ಲ ಸಾ."

ಇಷ್ಟು ಹೇಳಿ ಹೋಗಿ ಗೆಳತಿಯರ ನಡುವೆ ಕೂತಳು. ಪಾಂಡವಪುರ ದಾಟಿದ್ದು, ಮಂಡ್ಯ ಬಂದದ್ದು ನನಗೆ ತಿಳಿಯಲಿಲ್ಲ. ಹದಿಮೂರು ವರ್ಷದ ಹುಡುಗಿ. ಬ್ಯಾಟರಿನ ಬೀಸು ತಡ ಅನ್ನುವುದನ್ನು ಕಂಡಿದ್ದಾಳೆ. ತಡವಾಗಿ ಬೀಸುವವಳಿಗೆ ನಿಧಾನದ ಚೆಂಡು ಕೊಡಬಾರದು ಅನ್ನುವುದನ್ನು ನಾನು ಕಲಿಸದೇ ಕಲಿತಿದ್ದಾಳೆ. ಕೋಚು ಸಿಗ್ನಲ್ ಕೊಡುತ್ತಿಲ್ಲ, ಕೆರೆದುಕೊಳ್ಳುತ್ತಿದ್ದಾನೆ ಅಂತಲೂ ಊಹಿಸಿದ್ದಾಳೆ. ಮೂರಕ್ಕೆ ಮೂರೂ ಸರಿ. ಆದರೂ ಇರುವೆ ಹೇಳಿದ ಚೆಂಡನ್ನೇ ಹಾಕಿಸಿದಳು. ನಾನು ಎರಡು ವರ್ಷ ಕಲಿಸಿದ್ದು ಇದನ್ನೇ ಅಂದಹಾಗಾಯಿತು.

ಕೋಚೇ ಪಿಚ್ ಹೇಳಬೇಕು ಅನ್ನುವವರ ಕಡೆಯ ಮಾತನ್ನೂ ಸರಿಯಾಗಿಯೇ ಹೇಳುತ್ತೇನೆ. ನಾನೂ ಆ ಪಕ್ಷದವನೇ ಆಗಿದ್ದೆನಲ್ಲ. ಮೈಸೂರಿನಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ಅವರೂ ಸಾಫ್ಟ್‌ಬಾಲ್ ಕಲಿಸುತ್ತಾರೆ, ನನಗಿಂತ ಹೆಚ್ಚು ಗೆದ್ದವರು. ಅವರ ವಾದ ಸರಳ. "ಮೇಷ್ಟ್ರೇ, ನಮ್ಮ ಮಕ್ಕಳು ವರ್ಷಕ್ಕೆ ಎಷ್ಟು ಮ್ಯಾಚ್ ಆಡ್ತವೆ? ಆರೋ ಏಳೋ. ಟೀವಿಯಲ್ಲಿ ಕ್ರಿಕೆಟ್ ನೋಡಿ ಬೆಳೆದ ಹಾಗೆ ಸಾಫ್ಟ್‌ಬಾಲ್ ನೋಡಿ ಬೆಳೆದಿಲ್ಲ. ಕ್ಯಾಚರ್ ತಲೆ ಮೇಲೆ ಮೊದಲೇ ಬೆಟ್ಟದಷ್ಟು ಹೊರೆ." ಅದು ನಿಜವೇ. ಚೆಂಡು ಪಿಚರಿನ ಕೈ ಬಿಟ್ಟ ಕ್ಷಣ ಬೇಸಿನಲ್ಲಿದ್ದವಳು ಓಡಬಹುದು. ಕದ್ದು ಓಡುವವಳನ್ನು ಹಿಡಿಯಲು ಕ್ಯಾಚರ್ ಎದ್ದು ಎರಡನೇ ಬೇಸಿಗೆ ಸುಮಾರು 85 ಅಡಿ ಎಸೆಯಬೇಕು. ಮೂರನೇ ಸ್ಟ್ರೈಕ್ ಕೈಜಾರಿದರೆ, ಮೊದಲನೇ ಬೇಸ್ ಖಾಲಿಯಿದ್ದರೆ, ಔಟಾಗಬೇಕಾದವಳು ಓಟ ಕೀಳುತ್ತಾಳೆ. ಇಷ್ಟರ ನಡುವೆ ಪಿಚ್ಚನ್ನೂ ನೀನೇ ಯೋಚಿಸು ಅನ್ನುವುದು ಎಳೆಗರುವಿನ ಹೆಗಲಿಗೆ ನೊಗ ಇಟ್ಟ ಹಾಗೆ ಅನ್ನುತ್ತಾರೆ ಅವರು. "ಸೋತಾಗ ಬೈಸಿಕೊಳ್ಳೋರು ಯಾರು? ನಾನೇ ತಾನೆ? ಹಂಗಾದ್ರೆ ಹೇಳೋದೂ ನಾನೇ."

ಈ ಕೊನೆಯ ಮಾತಿನಲ್ಲೇ ಅವರ ಗುಟ್ಟು ಇರುವುದು. ನನ್ನದೂ ಅದೇ ಇತ್ತು. ಕಿವಿ ಮೂಗು ಮುಟ್ಟಿಕೊಳ್ಳುತ್ತಿದ್ದದ್ದು ಅರ್ಧ ಹುಡುಗಿಯರಿಗಾಗಿ, ಇನ್ನರ್ಧ ನನ್ನ ಭಯಕ್ಕಾಗಿ. ಸುಮ್ಮನೆ ಕೈಕಟ್ಟಿ ಕೂತು ಮಕ್ಕಳು ತಪ್ಪು ಮಾಡುವುದನ್ನು ನೋಡುವುದು ಬಹಳ ಕಷ್ಟ. ಕೈಗೊಂದು ಕೆಲಸ ಬೇಕು.

ಅವರ ವಾದದಲ್ಲಿ ಇನ್ನೊಂದು ತೂತೂ ಇದೆ. ಬೆಂಚು ಇರುವುದು ಗೆರೆಯ ಪಕ್ಕದಲ್ಲಿ. ಪಕ್ಕದಿಂದ ನೋಡಿದರೆ ಚೆಂಡು ಎಷ್ಟು ಎತ್ತರದಲ್ಲಿ ಬಂತು ಅನ್ನುವುದು ಕಾಣುತ್ತದೆ. ಮೈಗೆ ಹತ್ತಿರ ಬಂತೋ ದೂರ ಹೋಯಿತೋ ಕಾಣುವುದಿಲ್ಲ. ಎಷ್ಟೋ ಸಲ ನಾನು "ಹೊರಗೆ, ಹೊರಗೆ" ಅಂತ ಸನ್ನೆ ಮಾಡಿ ಅದು ಹೊರಗೇ ಬಂತು ಅಂತ ಬೀಗಿದ್ದೇನೆ, ಚೆಂಡು ಪ್ಲೇಟಿನ ಮಧ್ಯದಲ್ಲಿ ಹೋಗಿರುತ್ತಿತ್ತು. ಅದನ್ನು ಕಾಣುವವಳು ಒಬ್ಬಳೇ, ಹಿಂದೆ ಕೂತವಳು. ಬ್ಯಾಟರಿನ ಉಸಿರು ಕೇಳುವಷ್ಟು ಹತ್ತಿರ. ಬ್ಯಾಟನ್ನು ಒಂದಂಗುಲ ಮೇಲಕ್ಕೆ ಹಿಡಿದಳೋ, ಕಾಲನ್ನು ಪ್ಲೇಟಿನ ಕಡೆಗೆ ಸರಿಸಿದಳೋ, ಎಲ್ಲ ಅವಳ ಕಣ್ಣೆದುರೇ. ಒಂದು ದಿನ ಅಭ್ಯಾಸದ ಹೊತ್ತಿಗೆ ಕೇಳಿದೆ, "ನಿಂಗೆ ಹೆಂಗೆ ಗೊತ್ತಾಗುತ್ತೆ ಅವ್ಳು ಬೀಸ್ತಾಳೆ ಅಂತ?" ಅವಳು ಕ್ಯಾನ್ವಾಸ್ ಶೂ ತೋರಿಸಿದಳು. "ಎಬ್ಬೆಟ್ಟು ನೆಲಕ್ಕೆ ಒತ್ತುದ್ರೆ ಶೂ ಮುಂದೆ ಉಬ್ತದೆ ಸಾ. ಆವಾಗ ಒಡೀಬೇಕು ಅಂತ ಬಂದವ್ಳೆ ಅಂತ." ನಾನು ಇಷ್ಟು ವರ್ಷದಲ್ಲಿ ಯಾವ ಹುಡುಗಿಯ ಶೂ ಕಡೆಯೂ ನೋಡಿರಲಿಲ್ಲ, ಲೇಸ್ ಕಟ್ಟಿಲ್ಲ ಅಂತ ಬೈಯಲು ಬಿಟ್ಟು.

ಇನ್ನು ಪಿಚರ್. ಚೆಂಡು ಅವಳ ಕೈಯಲ್ಲಿರುವುದು. ಬೆವರಿಗೆ ಬೆರಳು ಜಾರುತ್ತಿದೆಯೋ, ಈವತ್ತು ಡ್ರಾಪ್ ಬೀಳುತ್ತಿಲ್ಲವೋ, ಅದು ಅವಳಿಗೆ ಮಾತ್ರ ಗೊತ್ತು. ಬೀಳದ ಡ್ರಾಪಿಗಿಂತ ಕೆಟ್ಟ ಚೆಂಡು ಇನ್ನೊಂದಿಲ್ಲ. ಸುಮ್ಮನೆ ಸೊಂಟದೆತ್ತರಕ್ಕೆ ಬಂದು 'ಹೊಡಿ' ಅನ್ನುತ್ತದೆ. ಹಾಗಾಗಿ ಕ್ಯಾಚರ್ ಹೇಳಬೇಕು, ಬೇಡ ಅನ್ನುವ ಹಕ್ಕು ಪಿಚರಿಗಿರಬೇಕು. ಇದಿಷ್ಟೂ ಕೇಳಲು ಚೆನ್ನಾಗಿದೆ. ಮಾಡಲು ಹೊರಟಾಗ ಆದ ಫಜೀತಿ ಕೇಳಿ.

ಮೊದಲನೆಯದು, ಕ್ಯಾಚರ್ ಚಿಕ್ಕವಳು, ಪಿಚರ್ ದೊಡ್ಡವಳು, ಇಬ್ಬರದೂ ಒಂದೇ ಬೀದಿ. ಇವಳು ಅವಳನ್ನು 'ಅಕ್ಕ' ಅನ್ನುತ್ತಾಳೆ. ಅಕ್ಕನಿಗೆ ಇದು ಎಸಿ ಅದು ಎಸಿ ಅಂತ ಬೆರಳು ತೋರಿಸುವುದು ಹೇಗೆ? ನಾನು ಹೇಳಿದ್ದನ್ನು ದಾಟಿಸುವಾಗ ಅವಳು ಬರೀ ಅಂಚೆಯವಳು, ಮುಜುಗರ ಇರಲಿಲ್ಲ. ಈಗ ಹುಕುಂ ಅವಳದೇ ಆಯಿತು. ಮೊದಲ ವಾರ ಬೆರಳು ತೋರಿಸುವ ಮುಂಚೆ "ಅಕ್ಕ, ಫಾಸ್ಟ್ ಆಕ್ತೀಯಾ?" ಅಂತ ಬಾಯಿಬಿಟ್ಟೇ ಕೇಳುತ್ತಿದ್ದಳು, ಬ್ಯಾಟರಿಗೂ ಕೇಳುವ ಹಾಗೆ.

ಎರಡನೆಯದು ತಲೆ. ಪಿಚರಿಗೆ ಬೇಡವಾದರೆ ತಲೆ ಅಲ್ಲಾಡಿಸಬೇಕು ಅಂತ ಹೇಳಿಕೊಟ್ಟೆ. ನಮ್ಮವರ ತಲೆಯಾಟ ನಿಮಗೆ ಗೊತ್ತೇ ಇದೆ. ಹೂಂ ಅನ್ನಲೂ ಪಕ್ಕಕ್ಕೇ ವಾಲುತ್ತದೆ, ಊಹೂಂ ಅನ್ನಲೂ ಪಕ್ಕಕ್ಕೇ. ಅವಳು ಬೇಡ ಅಂದದ್ದನ್ನು ಇವಳು ಸರಿ ಅಂದುಕೊಂಡಳು, ಸ್ಲೋ ಬರುತ್ತದೆ ಅಂತ ಕೈಚೀಲ ಹಿಡಿದವಳ ಹಾಗೆ ಗ್ಲೌಸ್ ಹಿಡಿದು ಕೂತಳು, ಬಂದದ್ದು ವೇಗದ್ದು. ಎದೆಯ ಗಾರ್ಡಿಗೆ ಬಡಿಯಿತು. ಆ ಗಾರ್ಡೋ, ನಮ್ಮೂರಿನ ಟೈಲರ್ ಎರಡು ಸಲ ಹೊಲಿಗೆ ಹಾಕಿಕೊಟ್ಟದ್ದು. ಆಮೇಲೆ ಬೇಡ ಅನ್ನಲು ಗ್ಲೌಸನ್ನು ತೊಡೆಗೆ ಒಂದು ಸಲ ತಟ್ಟುವುದು ಅಂತ ಮಾಡಿಕೊಂಡರು. ಅವರೇ ಮಾಡಿಕೊಂಡದ್ದು, ನನ್ನನ್ನು ಕೇಳಲಿಲ್ಲ.

ಈ ನಡುವೆ ನನಗೆ ಪೂರ್ತಿ ಬಿಡಲು ಮನಸ್ಸಾಗದೆ ಒಂದು ಮಧ್ಯದ ದಾರಿ ಹುಡುಕಿದ್ದೂ ಆಯಿತು. ಅಮೆರಿಕದ ಕಾಲೇಜು ಆಟದಲ್ಲಿ ಕೋಚು ಬೆಂಚಿನಿಂದ ಮೂರಂಕಿಯ ಸಂಖ್ಯೆ ಕೂಗುತ್ತಾರೆ, ಆಟಗಾರ್ತಿಯರು ಮುಂಗೈಗೆ ಕಟ್ಟಿದ ಪಟ್ಟಿಯಲ್ಲಿ ಅದರ ಅರ್ಥ ನೋಡಿಕೊಳ್ಳುತ್ತಾರೆ. ಅಲ್ಲಿನ ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಂತೂ 2022ರಿಂದ ಬೆರಳಾಟವೂ ಬೇಡ, ಕ್ಯಾಚರ್ ಗುಂಡಿ ಒತ್ತಿದರೆ ಪಿಚರಿನ ಟೋಪಿಯೊಳಗೆ ಧ್ವನಿ ಕೇಳುತ್ತದೆ. ನಮ್ಮ ಬಜೆಟ್ಟಿನಲ್ಲಿ ಅದಕ್ಕೆ ಸರಿಸಮನಾಗಿ ನಾನು ಕಂಡುಹಿಡಿದದ್ದು ತರಕಾರಿ ಪದ್ಧತಿ. 'ಬದನೆಕಾಯಿ' ಅಂದರೆ ವೇಗ, 'ವೀಳ್ಯದೆಲೆ' ಅಂದರೆ ಡ್ರಾಪ್, 'ರಸಬಾಳೆ' ಅಂದರೆ ನಿಧಾನದ್ದು. ಪಕ್ಕದ ಶಾಲೆಯ ಜೊತೆ ಆಡುವಾಗ ಬೆಂಚಿನಿಂದ ಎದ್ದು "ರಸಬಾಳೇ!" ಅಂತ ಕೂಗಿದೆ. ಮೈದಾನದ ಆಚೆ ನಾಲೆ ಏರಿಯ ಮೇಲೆ ಹೋಗುತ್ತಿದ್ದ ಒಬ್ಬಾಕೆ ನಿಂತು "ಡಜನ್ ಎಷ್ಟು?" ಅಂತ ಕೇಳಿದರು. ನಮ್ಮ ಪಿಚರಿಗೆ ನಗು ತಡೆಯಲಾರದೆ ನಾಲ್ಕು ಚೆಂಡು ಹೊರಗೆ ಹೋದವು. ಅಲ್ಲಿಗೆ ಅದು ಮುಗಿಯಿತು.

ಸುಮ್ಮನೆ ಬಿಟ್ಟೆ. ಬಿಟ್ಟ ಮೊದಲ ಪಂದ್ಯದಲ್ಲಿ ಹದಿನಾಲ್ಕು–ಮೂರರಿಂದ ಸೋತೆವು. ಕ್ಯಾಚರ್ ಹೆದರಿಕೆಯಿಂದ ಒಂದೇ ಬೆರಳು ತೋರಿಸುತ್ತ ಹೋದಳು. ವೇಗ, ವೇಗ, ವೇಗ. ಮೂರನೇ ಇನಿಂಗ್ಸಿನ ಹೊತ್ತಿಗೆ ಎದುರಿನವರು ಕಣ್ಣುಮುಚ್ಚಿಕೊಂಡು ಹೊಡೆಯುತ್ತಿದ್ದರು. ನನ್ನ ಕೈ ಟೋಪಿಯ ಹತ್ತಿರ ಹೋಗಿ ಹೋಗಿ ಬರುತ್ತಿತ್ತು. ಕೊನೆಗೆ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತೆ. ಮಾರನೆಯ ದಿನ ಹೆಡ್ ಮಾಸ್ಟರ್, "ಏನ್ರೀ, ಕೋಚಿಂಗ್ ಬಿಟ್ಟುಬಿಟ್ರಾ?" ಅಂದರು. ಒಂದರ್ಥದಲ್ಲಿ ಹೌದು ಸಾರ್ ಅನ್ನಬೇಕೆನಿಸಿತು, ಅನ್ನಲಿಲ್ಲ.

ಮೈಸೂರಿನ ಸ್ನೇಹಿತರಿಗೆ ಫೋನು ಮಾಡಿದೆ. "ಮಕ್ಕಳ ಕೈಗೆ ಸ್ಟೇರಿಂಗ್ ಕೊಟ್ರೆ ಹಂಗೇ ಆಗೋದು" ಅಂದರು. ನನಗೆ ನೆನಪಾದದ್ದು ನಮ್ಮ ತಾತನ ಕಬ್ಬಿನ ಗಾಡಿ. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ರಾತ್ರಿ ಹೊತ್ತು ಕಬ್ಬು ಹೊಡೆಯುತ್ತಿದ್ದರು. ಹೊಸ ಎತ್ತು ಕಟ್ಟಿದ ವರ್ಷ ತಾತ ಹಗ್ಗ ಬಿಡುತ್ತಲೇ ಇರಲಿಲ್ಲವಂತೆ, ಎತ್ತು ಪ್ರತಿ ತಿರುವಿನಲ್ಲೂ ನಿಂತು ಹಿಂದೆ ನೋಡುತ್ತಿತ್ತಂತೆ. ಒಂದು ರಾತ್ರಿ ನಿದ್ದೆ ಹತ್ತಿ ಹಗ್ಗ ಕೈಯಿಂದ ಜಾರಿತು. ಎಚ್ಚರವಾದಾಗ ಗಾಡಿ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ನಿಂತಿತ್ತು. ಇದನ್ನು ಫೋನಿನಲ್ಲಿ ಹೇಳಿದೆ. ಅವರು ನಕ್ಕರು. ಅಡುಗೆಮನೆಯಿಂದ ಕೇಳಿಸಿಕೊಂಡ ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಹೆಣ್ಣುಮಕ್ಕಳನ್ನ ಎತ್ತಿಗೆ ಹೋಲಿಸ್ತೀರಲ್ಲ, ನಿಮ್ಗೆ ಅವ್ರು ಮನುಷ್ಯರ ಹಾಗೆ ಯಾವಾಗ ಕಾಣೋದು?" ಅಂದಳು. ಅದೂ ಸರಿಯೇ. ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ.

ಹೋಲಿಸಲೇಬೇಕಾದರೆ ಕ್ರಿಕೆಟ್ಟಿದೆ. ಅಲ್ಲಿ ಚೆಂಡು ಚೆಂಡಿಗೂ ಪೆವಿಲಿಯನ್ ಕಡೆ ತಿರುಗಿ ನೋಡುವ ಪದ್ಧತಿಯೇ ಇಲ್ಲ. 1999ರ ಫೆಬ್ರವರಿ, ದೆಹಲಿಯ ಕೋಟ್ಲಾ ಮೈದಾನ, ಪಾಕಿಸ್ತಾನದ ವಿರುದ್ಧ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದು ಹತ್ತನೆಯದಕ್ಕೆ ಕಾಯುತ್ತಿದ್ದಾಗ ಇನ್ನೊಂದು ತುದಿಯಿಂದ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಚೆಂಡನ್ನು ಸ್ಟಂಪಿನಿಂದ ದೂರ ದೂರಕ್ಕೆ ಎಸೆಯುತ್ತ ಹೋದರು, ತನಗೆ ವಿಕೆಟ್ ಬೀಳದಿರಲಿ ಅಂತ. ವಿಕೆಟ್ ಬೀಳದ ಹಾಗೆ ಬೌಲಿಂಗ್ ಮಾಡುವುದನ್ನು ಯಾವ ಕೋಚೂ ಹೇಳಿಕೊಟ್ಟಿರುವುದಿಲ್ಲ. ಆ ಹೊತ್ತಿಗೆ ಅದು ಹೊಳೆಯಬೇಕು. ಹೊಳೆಯಬೇಕಾದರೆ ಆ ತಲೆ ಅದಕ್ಕೆ ಮುಂಚೆ ಸಾವಿರ ಸಲ ತಾನೇ ತೀರ್ಮಾನ ಮಾಡಿ, ಅದರಲ್ಲಿ ನೂರಾರು ಸಲ ಏಟು ತಿಂದಿರಬೇಕು.

ಸಾಫ್ಟ್‌ಬಾಲಿನಲ್ಲಿ ಜಪಾನಿನ ಯುಕಿಕೊ ಉಎನೊ ಅಂತ ಒಬ್ಬಾಕೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಎರಡು ದಿನದಲ್ಲಿ ಮೂರು ಪಂದ್ಯ ಆಡಿ 413 ಚೆಂಡು ಎಸೆದು ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದವರು. ಆಮೇಲೆ ಒಲಿಂಪಿಕ್ಸಿನಿಂದ ಆಟವನ್ನೇ ತೆಗೆದರು. ಅದು ಮತ್ತೆ ಬಂದದ್ದು 2021ರಲ್ಲಿ ನಡೆದ ಟೋಕಿಯೊ ಕೂಟಕ್ಕೆ. ಆಗ ಇವರಿಗೆ 39 ವರ್ಷ, ಮತ್ತೆ ಅದೇ ಅಮೆರಿಕ, ಮತ್ತೆ ಚಿನ್ನ. ಹುಡುಗಿಯರಿಗೆ ಮೊಬೈಲಿನಲ್ಲಿ ಅವರ ಆಟ ತೋರಿಸಿದೆ. ಎಲ್ಲರೂ 413ಕ್ಕೆ ಬಾಯಿಬಿಟ್ಟರೆ ಕ್ಯಾಚರ್, "ಅಷ್ಟೂ ಚೆಂಡು ನೀವೇ ಏಳಿದ್ರೆ ನಿಮ್ ಕಿವಿ ಕಿತ್ಕಂಡು ಬತ್ತಿತ್ತು ಸಾ" ಅಂದಳು. ಒಂದು ವರ್ಷದ ಹಿಂದೆ ಈ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಎಲ್ಲರ ಜೊತೆ ನಾನೂ ನಕ್ಕೆ. ಒಳಗೆ ಸ್ವಲ್ಪ ಚುರ್ ಅಂದಿತು.

ಹತ್ತು ಹನ್ನೊಂದು ವರ್ಷದ ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯೇ ದಂಡ ಅಂತ ನನ್ನ ಅಭಿಪ್ರಾಯ. ಆ ವಯಸ್ಸಿನ ಪಿಚರಿಗೆ ಇರುವುದೇ ಒಂದು ಚೆಂಡು, ಹೋಮ್ ಪ್ಲೇಟಿನವರೆಗೆ ಹೋಗುವ ಚೆಂಡು. ಒಳಮೂಲೆಗೆ ಹಾಕು ಅಂತ ಕೋಚು ಸನ್ನೆ ಮಾಡುತ್ತಾನೆ, ಅದು ಅಂಪೈರಿನ ಕಾಲಿಗೆ ಬೀಳುತ್ತದೆ. ಹೇಳಿದ ಕಡೆ ಬೀಳದ ಮೇಲೆ ಹೇಳುವವರು ಯಾರಾದರೇನು? ಅಲ್ಲಿ ಸನ್ನೆ ಮಾಡುತ್ತ ಕೂತ ಕೋಚನ್ನು ಕಂಡರೆ ನನಗೆ ನಗು ಬರುತ್ತದೆ. ಗ್ಲೌಸ್ ನಡುವೆ ಹಿಡಿ, ಅದಕ್ಕೇ ಎಸಿ ಅಂದರೆ ಸಾಕು.

ದೊಡ್ಡವರಿಗೆ ಹಾಗಲ್ಲ. ಅವರ ಜೊತೆ ನಾನು ಈಗ ಮಾತಾಡುವುದು ಇನಿಂಗ್ಸುಗಳ ನಡುವೆ. ಮುಂಚೆ "ಅದನ್ನ ಯಾಕೆ ಹಾಕ್ಸಿದೆ" ಅನ್ನುತ್ತಿದ್ದೆ. ಅದೇ ಮಾತನ್ನು ಈಗಲೂ ಕೇಳುತ್ತೇನೆ, ರಾಗ ಬೇರೆ. ಮುಂಚಿನ 'ಯಾಕೆ' ಬೈಗುಳ, ಈಗಿನದು ನಿಜಕ್ಕೂ ಗೊತ್ತಿಲ್ಲದೆ ಕೇಳುವುದು. ಮೊದಮೊದಲು ಎರಡೂ ಅವರಿಗೆ ಒಂದೇ ಥರ ಕೇಳಿಸಿ ತಲೆತಗ್ಗಿಸುತ್ತಿದ್ದರು. ತಿಂಗಳಾದ ಮೇಲೆ ಉತ್ತರ ಬರಲು ಶುರುವಾಯಿತು. ಕ್ಯಾಚರ್ ಹಳೇ ನೋಟ್ ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬೇರೆ ಶಾಲೆಯವರ ಲೆಕ್ಕ ಇಡಲು ಹಿಡಿದಳು. ಹೆಸರು ಗೊತ್ತಿಲ್ಲದ್ದಕ್ಕೆ ಗುರುತು: 'ಎರಡು ಜಡೆ — ಕೆಳಗಿನ ಚೆಂಡಿಗೆ ಬೀಳ್ತಾಳೆ', 'ಕನ್ನಡಕ — ಮೊದಲ್ನೇದು ಹೊಡೆಯಲ್ಲ', 'ನೀಲಿ ಶೂ — ಹುಷಾರು'. ಇಷ್ಟು ಚೆನ್ನಾಗಿ ಅವಳು ಸಮಾಜದ ನೋಟ್ಸ್ ಬರೆದಿದ್ದರೆ ಫಸ್ಟ್ ಕ್ಲಾಸ್ ಬರುತ್ತಿತ್ತು. ಒಂದು ಅಧಿಕಾರ ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಕ್ಯಾಚರ್ ತಾನೇ ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿ ನನ್ನ ಕಡೆ ನೋಡಿದರೆ, ಆಗ ಹೇಳುತ್ತೇನೆ. ಶುರುವಿನಲ್ಲಿ ಒಂದು ಪಂದ್ಯಕ್ಕೆ ಇಪ್ಪತ್ತು ಮೂವತ್ತು ಸಲ ತಟ್ಟುತ್ತಿದ್ದಳು. ಆ ವರ್ಷದ ಕೊನೆಗೆ ಒಂದೋ ಎರಡೋ. ನಿಜ ಹೇಳಬೇಕೆಂದರೆ ಒಂದೊಂದು ಪಂದ್ಯದಲ್ಲಿ ಯಾವಾಗ ತಟ್ಟುತ್ತಾಳೋ ಅಂತ ನಾನೇ ಕಾಯುತ್ತಿದ್ದೆ.

ಗೆದ್ದಿರಾ ಅಂತ ಕೇಳುತ್ತೀರಿ. ಆ ವರ್ಷವೂ ಮೈಸೂರಿಗೆ ಹೋದೆವು, ಆ ವರ್ಷವೂ ಸೋತೆವು, ಹಿಂದಿನ ಸಲಕ್ಕಿಂತ ಒಂದು ಪಂದ್ಯ ಮುಂದೆ ಹೋಗಿ. ಸ್ನೇಹಿತರ ತಂಡವೇ ನಮ್ಮನ್ನು ಸೋಲಿಸಿದ್ದು. ಅವರು ಪ್ರತಿ ಚೆಂಡಿಗೂ ಸಿಗ್ನಲ್ ಕೊಡುತ್ತಲೇ ಇದ್ದರು, ಚೆನ್ನಾಗಿಯೇ ಕೊಡುತ್ತಿದ್ದರು.

ಕೊನೆಯ ಇನಿಂಗ್ಸಿನಲ್ಲಿ ಆದದ್ದಿಷ್ಟು. ಬೇಸ್ ಮೂರೂ ತುಂಬಿವೆ. ಕ್ಯಾಚರ್ ಅಭ್ಯಾಸಬಲದಿಂದ ಬೆಂಚಿನ ಕಡೆ ನೋಡಿದಳು. ಹೆಲ್ಮೆಟ್ ತಟ್ಟಲಿಲ್ಲ. ನಾನು ಬಗ್ಗಿ, ಬಿಚ್ಚದ ಲೇಸನ್ನು ಕಟ್ಟಲು ಕೂತೆ. ತಲೆಯೆತ್ತಿದಾಗ ಪಿಚರ್ ಗ್ಲೌಸನ್ನು ತೊಡೆಗೆ ತಟ್ಟುತ್ತಿದ್ದಳು. ಇವಳು ಬೇರೆ ಬೆರಳು ತೋರಿಸಿದಳು. ಅವಳು ಮತ್ತೆ ತಟ್ಟಿದಳು. ಇವಳು ಎದ್ದು ಹೋಗಿ ಅಕ್ಕನೆದುರು ನಿಂತಳು. ಇಬ್ಬರೂ ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದು ಏನೋ ಮಾತಾಡಿಕೊಂಡರು. ಅಂಪೈರ್ ಗಡಿಯಾರ ನೋಡಿಕೊಂಡರು. ವಾಪಸ್ ಬಂದು ಕೂತಳು, ಚೆಂಡು ಬಂತು, ಬ್ಯಾಟಿಗೆ ತಾಗಿ ನಮ್ಮ ಎರಡನೇ ಬೇಸಿನವಳ ಕಾಲಡಿಯಿಂದ ನುಸುಳಿ ಹೋಯಿತು.

ಸಂಜೆ ರೈಲು ತಪ್ಪಿ ಬಸ್ ಸ್ಟ್ಯಾಂಡಿಗೆ ನಡೆದೆವು. ಚುರುಮುರಿ ಕೊಡಿಸಿದೆ. ಇಬ್ಬರೂ ಪೊಟ್ಟಣ ಹಿಡಿದುಕೊಂಡು ಜಗಳ.

"ನಾನ್ ಡ್ರಾಪ್ ಅಂದೆ ಕಣಕ್ಕ, ನೀನೇ ಬ್ಯಾಡ ಅಂದೆ."

"ಡ್ರಾಪ್ ಬೀಳ್ತಿರ್ನಿಲ್ಲ ಕಣೇ ಈವತ್ತು, ನಿಂಗೇನ್ ಗೊತ್ತು ನನ್ ಕೈ ವಿಸ್ಯ?"

"ಅವ್ಳು ಕಾಲು ಎಲ್ಲಿಟ್ಟಿದ್ಲು ನಾನ್ ನೋಡಿವ್ನಿ, ನೀನ್ ನೋಡಿದ್ಯಾ?"

ಎರಡು ವರ್ಷ ಇವರಿಬ್ಬರೂ ಒಂದು ಚೆಂಡಿನ ವಿಷಯಕ್ಕೂ ಜಗಳ ಆಡಿದವರಲ್ಲ. ಆಡಲು ಏನಿತ್ತು, ಎಲ್ಲ ಚೆಂಡೂ ನಂದೇ ಆಗಿತ್ತಲ್ಲ. ಕಡೆಗೆ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ನೀವೇ ಏಳಿ ಸಾ. ಯಾರ್ದು ಸರಿ?"

ನನಗೆ ಗೊತ್ತಿತ್ತು ಅಂದುಕೊಂಡಿದ್ದೇನೆ. ಅಷ್ಟರಲ್ಲಿ ಮಂಡ್ಯದ ಬಸ್ಸು ಬಂತು, "ಬ್ಯಾಗ್ ಎತ್ಕಳ್ರಮ್ಮ" ಅಂದೆ.